ವಕೀಲರ ಮನೆಯಲ್ಲಿ ಆನೆ

ಇನ್ನೊಬ್ಬರ ಮಾತನ್ನು ನಂಬುವುದು ನನ್ನ ಜಾತಕದಲ್ಲೇ ಇಲ್ಲ. ಹಾಲಿನವನು ಚೊಂಬು ಬಗ್ಗಿಸಿದರೆ ನಾನು ಹಾಲನ್ನು ನೋಡುವುದಿಲ್ಲ, ಅವನ ಮುಖ ನೋಡುತ್ತೇನೆ. ನಮ್ಮ ವಿಜಾಪುರಕ್ಕೆ ನೀರು ಭೂತನಾಳದ ಕೆರೆಯಿಂದ ಬರುತ್ತದೆ. ನಮ್ಮ ಮನೆಗೆ ಮಾತ್ರ ಅದು ಎರಡು ದಾರಿಯಿಂದ ಬರುತ್ತದೆ, ಒಂದು ನಳದಲ್ಲಿ, ಇನ್ನೊಂದು ಹಾಲಿನಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬೀಗರು ಊಟ ಮುಗಿಸಿ "ಅಡಿಗಿ ಭಾಳ ಛಲೋ ಆಗಿತ್ತು" ಎಂದರೆ, ಇವರು ಮನೆಗೆ ಹೋಗಿ ಏನೆನ್ನಬಹುದು ಎಂದು ಯೋಚಿಸುತ್ತ ಕೂಡುವವನು ನಾನು. "ದೇವರು ಎದುರಿಗೆ ಬಂದು ನಿಂತರೂ ನೀವು, ಎಲ್ಲಿಂದ ಬಂದಿರಿ, ಯಾರು ಕಳಿಸಿದರು ಅಂತ ಕೇಳಾವ್ರ" ಎನ್ನುತ್ತಾಳೆ ನನ್ನ ಹೆಂಡತಿ ಸುಶೀಲಾ. ಈ ಮಾತನ್ನು ಅವಳು ಬೇಸರದಿಂದ ಹೇಳುತ್ತಾಳೋ ಅಭಿಮಾನದಿಂದ ಹೇಳುತ್ತಾಳೋ ಎನ್ನುವುದರಲ್ಲೂ ನನಗೆ ಸಂಶಯವಿದೆ.

ಇಂಥವನನ್ನು ಒಂದು ವಾಚನಾಲಯದ ಸೆಕ್ರೆಟರಿ ಮಾಡಿದ್ದು ಯಾರ ತಪ್ಪು? ನನ್ನದಂತೂ ಅಲ್ಲ. ಕನ್ನಡ ನಾಡು ಒಂದಾದ ಹೊಸತು. ಓಣಿಗೊಂದು ವಾಚನಾಲಯ ಆಗಲೇಬೇಕೆಂಬ ಹುರುಪು ಎಲ್ಲರಿಗೂ ಇತ್ತು. ನಮ್ಮ ಓಣಿಯ ಸಾವಕಾರ ಶಿವಲಿಂಗಪ್ಪನವರು ತಮ್ಮ ಕುಸುಬಿ ಗೋದಾಮಿನ ಮುಂದಿನ ಖೋಲಿ ಬಿಟ್ಟುಕೊಟ್ಟು ಅಧ್ಯಕ್ಷರಾದರು. ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನಾನು ಸೆಕ್ರೆಟರಿಯಾದೆ. ದಾನವಾಗಿ ಬಂದ ಪುಸ್ತಕಗಳಿಂದ ಎರಡು ಕಪಾಟು ತುಂಬಿದವು. ಕಾದಂಬರಿ, ಶರಣರ ಚರಿತ್ರೆ, ಪತ್ತೇದಾರಿ, ಕಾಶಿಯಾತ್ರೆಯ ಕಥನ, ಜೇನು ಸಾಕುವ ವಿಧಾನ, ಮೂಲವ್ಯಾಧಿಗೆ ಮನೆಮದ್ದು, ಎಲ್ಲವೂ ಒಂದರ ಹೆಗಲ ಮೇಲೆ ಒಂದು ಕೈ ಹಾಕಿಕೊಂಡು ಕೂತವು. ಹಿಂದಿನ ಗೋಡೆಯಾಚೆಯಿಂದ ಕುಸುಬಿಯ ವಾಸನೆ ಬಂದು ಎಲ್ಲ ಪುಸ್ತಕಗಳಿಗೂ ಸಮನಾಗಿ ಹತ್ತಿಕೊಂಡಿತು.

ಪುಸ್ತಕ ಹಿಂದಿರುಗಿಸುವಾಗ ಓದುಗರು ನನ್ನ ಮೇಜಿನ ಮುಂದೆ ನಿಂತು ಅದರ ಬಗ್ಗೆ ಎರಡು ಮಾತು ಹೇಳಬೇಕು, ಆಮೇಲೆಯೇ ಇನ್ನೊಂದು ಪುಸ್ತಕ ಎಂದು ನಾನೊಂದು ನಿಯಮ ಮಾಡಿದೆ. ಜನರ ಸಾಹಿತ್ಯಾಭಿರುಚಿ ಬೆಳೆಸುವುದು ನನ್ನ ಉದ್ದೇಶ ಎಂದು ಎಲ್ಲರಿಗೂ ಹೇಳಿದ್ದೆ. ನಿಜವಾದ ಉದ್ದೇಶ, ಇವರು ಓದುತ್ತಾರೋ ಇಲ್ಲವೋ ಎಂದು ಹಿಡಿಯುವುದು. ಆದರೆ ನಮ್ಮ ಕಡೆಯ ಜನರ ಬಾಯಿಂದ ಅಭಿಪ್ರಾಯ ಹೊರಡಿಸುವುದು ಸುಲಭವಲ್ಲ. ಕನ್ಯೆ ನೋಡಿ ಬಂದರೂ "ಅಡ್ಡಿ ಇಲ್ಲ", ಎತ್ತು ಕೊಂಡು ಬಂದರೂ "ಅಡ್ಡಿ ಇಲ್ಲ", ಹೋಳಿಗೆ ಊಟವಾದ ಮೇಲೂ "ಅಡ್ಡಿ ಇಲ್ಲ". ಕಾದಂಬರಿಗೆ ಅದೇ, ಮೂಲವ್ಯಾಧಿಗೂ ಅದೇ. ಈ ಅಡ್ಡಿ ಇಲ್ಲದ ಮಂದಿಯ ನಡುವೆ ಓದಿದವರಾರು, ಪುಸ್ತಕವನ್ನು ತಲೆದಿಂಬು ಮಾಡಿಕೊಂಡವರಾರು ಎಂದು ತಿಳಿಯುವುದು ಹೇಗೆ?

ಅದಕ್ಕೆ ನಾನೊಂದು ಉಪಾಯ ಹುಡುಕಿದೆ. ಪುಸ್ತಕದಲ್ಲಿ ಇಲ್ಲದ ಸಂಗತಿಯನ್ನು ಇದೆಯೆಂಬಂತೆ ಕೇಳುವುದು. ದವಾಖಾನೆಯ ಕಂಪೌಂಡರ್ ವಾಮನರಾಯರು ಜೇನು ಸಾಕುವ ಪುಸ್ತಕ ತಂದಿಟ್ಟಾಗ, "ಅದರಾಗ ಮದುವಿ ಭಾಗ ಹೆಂಗನಿಸ್ತು, ರಾಯರ?" ಎಂದೆ. ಅವರ ಮುಖ ಅರಳಿತು. "ಆಹಾ, ಮದುವಿ ಭಾಗ ಏನು ಛಂದ ಬರದಾರ್ರಿ! ಹಂಗ ಓದಿಸಿಕೊಂಡು ಹೋಗ್ತದ" ಎಂದರು. ಸಿಕ್ಕಿಬಿದ್ದಿರಲ್ಲ ಎಂದು ಮನಸ್ಸಿನಲ್ಲೇ ಕುಣಿದೆ. ಜೇನು ಸಾಕುವ ಪುಸ್ತಕದಲ್ಲಿ ಯಾರ ಮದುವೆ? ನಾನು ಈ ಸಂಗತಿಯನ್ನು ನಾಲ್ಕು ಜನರಿಗೆ ಹೇಳಿದೆ, ಅವರು ಮತ್ತೆ ನಾಲ್ಕು ಜನರಿಗೆ. ಪಾಪ, ವಾಮನರಾಯರು ಓಣಿಯಲ್ಲಿ 'ಮದುವಿ ರಾಯರು' ಆಗಿಹೋದರು. ಬಬಲೇಶ್ವರದಿಂದ ಬರುತ್ತಿದ್ದ ಒಬ್ಬರಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಪತ್ತೇದಾರಿ ಕಾದಂಬರಿಯ ಮೊದಲ ಪುಟದಲ್ಲೇ ಪೆನ್ಸಿಲ್ಲಿನಲ್ಲಿ 'ಡಾಕ್ಟರನೇ ಖೂನಿ ಮಾಡಿದಾಂವ' ಎಂದು ಬರೆದು ಕಳಿಸಿದ್ದರು. ಅದನ್ನು ಓದಲು ಕೂತಿದ್ದ ಸುಶೀಲಾ ಸಿಟ್ಟಿನಿಂದ ಪುಸ್ತಕ ಮುಚ್ಚಿಟ್ಟಳು, ಆಮೇಲೆ ತಡೆಯಲಾರದೆ ತೆಗೆದು ಮುಗಿಸಿದಳು. ಡಾಕ್ಟರನ ಖೂನಿಯೂ ಮುಂದೆ ಆಗುತ್ತದಂತೆ. ಅಂದರೆ ಬಬಲೇಶ್ವರದವರು ಅರ್ಧಕ್ಕೇ ತೀರ್ಪು ಕೊಟ್ಟಿದ್ದರು! "ನೋಡಿದಿಯಾ, ಯಾರೂ ಓದೂದಿಲ್ಲ" ಎಂದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿ, "ಅಲ್ರಿ, ನೀವು ಯಾವಾಗ ಓದ್ತೀರಿ?" ಎಂದಳು. ಸೆಕ್ರೆಟರಿಗೆ ಓದಲು ಪುರಸೊತ್ತೆಲ್ಲಿ? ಉಳಿದವರು ಓದುತ್ತಾರೋ ಇಲ್ಲವೋ ನೋಡುವುದರಲ್ಲೇ ನನ್ನ ಹೊತ್ತು ಹೋಗುತ್ತಿತ್ತು.

ನನ್ನ ಸಂಶಯವೆಲ್ಲ ಗಟ್ಟಿಯಾಗಿ ಬಂದು ಕೂತದ್ದು ಟಿಕೋಟಾದ ಮಲ್ಲಪ್ಪಗೌಡರ ಮೇಲೆ. ಹೊಲ ಮನೆ ಚೆನ್ನಾಗಿದ್ದ ಆಸಾಮಿ. ಅವರು ಪಿಸುಗುಟ್ಟಿದರೂ ಗೋಳಗುಮ್ಮಟದಲ್ಲಿ ನಿಂತು ಕೂಗಿದಂತಿರುತ್ತಿತ್ತು. ರವಿವಾರ ಸಂತೆಗೆ ಬಂದವರು ನೇರವಾಗಿ ನನ್ನ ಖೋಲಿಗೆ ನುಗ್ಗಿ, "ದಪ್ಪಂದು ಕೊಡ್ರಿ" ಎನ್ನುವರು. ಯಾವುದು ಎಂದರೆ, "ಯಾವದಾರ ಆಗಲಿ, ಭಾಳ ದಿನಾ ಬಾಳಿಕಿ ಬರಬೇಕು" ಎನ್ನುವರು. ಒಮ್ಮೆ ಅವರು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ಪುಟ ತಿರುವುತ್ತಿದ್ದುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಗೌಡ್ರ, ಸಿಟ್ಟಾಗಬ್ಯಾಡ್ರಿ. ನಿಮಗ ಓದಲಿಕ್ಕೆ ಬರ್ತದೇನು?"

"ಇಲ್ರಿ!" ಎಂದರು, ಮುಖದಲ್ಲಿ ಒಂದಿಷ್ಟೂ ಸಂಕೋಚವಿಲ್ಲ. "ಓದಾಕ ನಮ್ಮ ಸೊಸಿ ನಿಂಗವ್ವ ಅದಾಳ. ಅರಕೇರಿಯಾಕಿ, ಏಳನೇತ್ತೆ ಮುಲ್ಕಿ ಪರೀಕ್ಷಾ ಪಾಸ ಆಗ್ಯಾಳ. ಸಂಜಿಮುಂದ ಕಟ್ಟಿ ಮ್ಯಾಲ ಕುಂತು ಆಕಿ ಓದತಾಳ, ಓಣಿ ಮಂದೆಲ್ಲ ಕೇಳತೀವಿ. ಆಮ್ಯಾಲ ಯಾರದು ಖರೆ, ಯಾರದು ತಪ್ಪು ಅಂತ ಜಗಳಾಡತೀವಿ. ಹೋದ ತಿಂಗಳ ಒಂದು ಕಾದಂಬರ್ಯಾಗಿನ ಅತ್ತಿ ಸಲವಾಗಿ ನಮ್ಮ ಓಣ್ಯಾಗ ಎರಡು ಪಾರ್ಟಿ ಆಗ್ಯಾವು ನೋಡ್ರಿ."

ಸೊಸೆ ಓದುವುದಂತೆ, ಮಾವ ಕೇಳುವುದಂತೆ, ಓಣಿ ಜಗಳಾಡುವುದಂತೆ! ಕಥೆಯನ್ನು ನನ್ನ ಕಪಾಟಿನಿಂದ ಒಯ್ದದ್ದು ಸಾಲದೆ ನನಗೇ ಒಂದು ಕಥೆ ಕಟ್ಟಿ ಹೇಳುತ್ತಿದ್ದಾರೆ ಎಂದುಕೊಂಡೆ. ಮುಂದಿನ ಸಲ ಅವರು ನೀಲಿ ರಟ್ಟಿನ ಒಂದು ದಪ್ಪ ಕಾದಂಬರಿ ಒಯ್ದರು. ವಕೀಲರೊಬ್ಬರ ಮನೆತನದಲ್ಲಿ ಅಣ್ಣತಮ್ಮಂದಿರು ಬೇರೆಯಾಗುವ ಕಥೆ ಎಂದು ರಟ್ಟಿನ ಮೇಲೆಯೇ ಅಚ್ಚಾಗಿತ್ತು. ಇದಕ್ಕೆ ಎಂಥ ಬಲೆ ಹಾಕಲಿ ಎಂದು ವಾರವೆಲ್ಲ ಯೋಚಿಸಿದೆ. ವಕೀಲರ ಮನೆಯಲ್ಲಿ ಏನೇನಿರಬಹುದು? ಕೋಟು, ಕುರ್ಚಿ, ಕಕ್ಷಿದಾರರು, ಹೆಚ್ಚೆಂದರೆ ಒಂದು ಆಕಳು. ಏನು ಇರಲಿಕ್ಕೆ ಸಾಧ್ಯವೇ ಇಲ್ಲ? ಆನೆ! ಗೌಡರು ಬಂದ ಕೂಡಲೇ ಕೇಳಿದೆ, "ಅದರಾಗ ಆನಿ ಬರೂ ಭಾಗ ಹೆಂಗನಿಸ್ತು?"

ಗೌಡರು ಮೇಜಿನ ಮೇಲೆ ಕೈ ಬಡಿದರು. ಮಸಿದೌತಿ ಕುಪ್ಪಳಿಸಿತು. "ಆನೀದ ಮಾತ ತೆಗೀಬ್ಯಾಡ್ರಿ ಸೆಕ್ರೆಟರಿ ಸಾಹೇಬ್ರ! ಅದನ್ನ ಕೇಳಿದಾಗಿಂದ ನನಗ ನಿದ್ದಿ ಇಲ್ಲ. ಆ ಆನಿ ಸಲವಾಗಿ ನಾನೂ ನಮ್ಮ ಕಾಕಾನೂ ಮಾತ ಬಿಟ್ಟೀವಿ."

ಸಿಕ್ಕರು. ವಾಮನರಾಯರು ಬರೀ ಮದುವೆಗೆ ಹೂಂಗುಟ್ಟಿದ್ದರು, ಇವರು ಆನೆಯ ಮೇಲೆ ಹತ್ತಿ ಕೂತುಬಿಟ್ಟಿದ್ದರು.

ಇದಾದ ವಾರವೇ ಸಾವಕಾರರು ನನ್ನನ್ನು ಕರೆಸಿದರು. ಆ ವರ್ಷ ಕುಸುಬಿ ಭರಪೂರ ಬಂದಿತ್ತು, ಗೋದಾಮಿನಲ್ಲಿ ಜಾಗ ಸಾಲದಾಗಿತ್ತು. "ಸೆಕ್ರೆಟರಿ ಸಾಹೇಬ್ರ, ಮುಂದಿನ ಖೋಲ್ಯಾಗಿನ ಪುಸ್ತಕಾ ಯಾರೂ ಓದಂಗಿಲ್ಲ ಅಂತ ನನ್ನ ಕಿವಿಗೆ ಬಿದ್ದೈತಿ" ಎಂದರು. ಎಲ್ಲಿಂದ ಬಿತ್ತು ಎಂದು ನಾನು ಕೇಳಲಿಲ್ಲ. ಆ ಮಾತನ್ನು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನೇ. "ರವಿವಾರ ಓದುಗರ ಸಭೆ ಕರೀರಿ. ಏನು ಓದ್ಯಾರ, ಅವರ ಅಭಿಪ್ರಾಯ ಏನು, ನಾನ ಕೇಳತೀನಿ. ಓದಿದ್ದು ಖರೆ ಆದ್ರ ವಾಚನಾಲಯ ಇರಲಿ. ಇಲ್ಲಂದ್ರ ಸೋಮವಾರ ಚೀಲಾ ಒಟ್ಟಸ್ತೀನಿ."

ಬಯ್ದುಕೊಂಡರೂ ಶಪಿಸಿದರೂ ಆ ಕುಸುಬಿ ವಾಸನೆಯ ಖೋಲಿ ನನಗೆ ಪ್ರಾಣವಾಗಿತ್ತು ಎಂದು ಆಗ ಗೊತ್ತಾಯಿತು. ಕಚೇರಿಯಲ್ಲಿ ನನ್ನನ್ನು ಗುಮಾಸ್ತ ಎಂದು ಸಹ ಯಾರೂ ಕರೆಯುತ್ತಿರಲಿಲ್ಲ, 'ಏ ಇವ್ರ' ಎನ್ನುತ್ತಿದ್ದರು. ಸೆಕ್ರೆಟರಿ ಸಾಹೇಬ್ರ ಎನ್ನಿಸಿಕೊಳ್ಳುತ್ತಿದ್ದದ್ದು ಅಲ್ಲೊಂದೇ ಕಡೆ. ಈಗ ಸಭೆಯಲ್ಲಿ ಮಲ್ಲಪ್ಪಗೌಡರು ಎದ್ದು ಇಲ್ಲದ ಆನೆಯ ಕಥೆ ಹೇಳಿದರೆ ಎಲ್ಲ ಮುಗಿದಂತೆಯೇ. ಸಭೆಗೆ ಮುಂಚೆ ಅವರನ್ನು ಬಾಗಿಲಲ್ಲೇ ತಡೆದು ಕೈಮುಗಿದೆ. "ಗೌಡ್ರ, ಏನಾರ ಮಾತಾಡ್ರಿ, ಆನೀ ಸುದ್ದಿ ಮಾತ್ರ ತೆಗೀಬ್ಯಾಡ್ರಿ."

"ಅಲ್ರಿ, ಆನೀನ ಬಿಟ್ರ ಆ ಪುಸ್ತಕದಾಗ ಏನು ಉಳೀತು?" ಎಂದು ಅವರು ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದರು. ಅವರ ಹಿಂದೆ ಎರಡು ಚಕ್ಕಡಿ ತುಂಬ ಟಿಕೋಟಾದ ಗಂಡಸರು ಹೆಂಗಸರು ಇಳಿದರು. ಓದುಗರ ಸಭೆ ಎಂದಮೇಲೆ ಕೇಳಿದವರೆಲ್ಲರೂ ಓದುಗರೇ ಎಂದು ಅವರ ಲೆಕ್ಕ.

ಸಾವಕಾರರು ಲೋಡು ದಿಂಬಿಗೆ ಆತು ಕೂತಿದ್ದರು. ಬಾಗಿಲ ಬಳಿ ಇಬ್ಬರು ಹಮಾಲರು ಹಗ್ಗ ಹಿಡಿದು, ಎಷ್ಟು ಚೀಲ ಹಿಡಿದಾವು ಎಂದು ಗೋಡೆ ಅಳೆಯುತ್ತಿದ್ದರು. ಮೊದಲು ಎದ್ದ ವಾಮನರಾಯರು ನನ್ನ ಕಡೆ ನೋಡಿ, ಹೆದರಿ, "ಪುಸ್ತಕಾ ಎಲ್ಲಾ ಅಡ್ಡಿ ಇಲ್ಲ" ಎಂದು ಕೂತುಬಿಟ್ಟರು. ಇನ್ನಿಬ್ಬರು "ಛಲೋ ಅವ" ಎಂದರು. ಸಾವಕಾರರು ಹಮಾಲರ ಕಡೆ ನೋಡತೊಡಗಿದರು. ಆಗ ಎದ್ದರು ಮಲ್ಲಪ್ಪಗೌಡರು.

"ಅಣ್ಣಗ ಆನಿ ಕೊಟ್ಟದ್ದು ಅನ್ಯಾಯ ಐತ್ರಿ! ಅದಕ್ಕ ಕಬ್ಬು ಹಾಕಿ, ಮೈ ತೊಳದು ಜ್ವಾಪಾನ ಮಾಡಿದಾಂವ ತಮ್ಮ. ಎತ್ತಾದ್ರ ನೀ ಒಂದು ನಾ ಒಂದು ಅನ್ನಬಹುದು, ಒಂದ ಆನೀನ ಹೆಂಗ ಹಂಚತೀರಿ?"

"ಸುಮ್ನಿರೋ ಯಪ್ಪಾ!" ಎಂದು ಹಿಂದಿನಿಂದ ಒಬ್ಬ ಮುದುಕಿ ಕೂಗಿದಳು. "ತಮ್ಮಗ ಬಾವಿ ಇದ್ದ ಹೊಲಾ ಬಂದಿಲ್ಲೇನು? ಬಾವೀನೂ ಅವಗ, ಆನೀನೂ ಅವಗ ಅಂದ್ರ ಅಣ್ಣ ಏನು ಗಂಟಿ ಬಾರಸ್ಕೋತ ಹೋಗಬೇಕೇನು?"

ಟಿಕೋಟಾ ಎರಡಾಗಿ ಒಡೆದು ಗದ್ದಲ ಎದ್ದಿತು. ಇಡೀ ಊರೇ ಕೂಡಿ ಸುಳ್ಳು ಹೇಳುತ್ತಿದೆಯಲ್ಲ! ಇವರನ್ನು ಬಿಟ್ಟುಕೊಟ್ಟಾದರೂ ಖೋಲಿ ಉಳಿಸಿಕೊಳ್ಳೋಣವೆಂದು ನಾನು ಎದ್ದು ನಿಂತೆ. "ಸಾವಕಾರ್ರ, ಕ್ಷಮಾ ಮಾಡಬೇಕು. ಗೌಡರು ಏನೋ ಕಲಸಿಕೊಂಡಾರ. ಆ ಪುಸ್ತಕದಾಗ ಆನೀನ ಇಲ್ಲ. ಉಳಿದವರು ಮಾತ್ರ ಖರೇನ ಓದ್ಯಾರ."

ಗದ್ದಲ ಫಕ್ಕನೆ ನಿಂತಿತು. ಅತ್ತ ಪಾರ್ಟಿ ಇತ್ತ ಪಾರ್ಟಿ ಎರಡೂ ಒಂದಾಗಿ ನನ್ನನ್ನೇ ನೋಡಿದವು. ತಲೆಯ ಮೇಲೆ ಸೆರಗು ಹೊದ್ದು ಮೂಲೆಯಲ್ಲಿ ಕೂತಿದ್ದ ನಿಂಗವ್ವ ಎದ್ದು ಬಂದು, ಕಪಾಟಿನಿಂದ ನೀಲಿ ರಟ್ಟಿನ ಪುಸ್ತಕ ತೆಗೆದು ಓದಲು ಸುರುಮಾಡಿದಳು. ಸತ್ತ ತಂದೆಯ ಆಸ್ತಿಯಲ್ಲಿ ಹೊಲ, ಮನೆ, ಬಾವಿ ಎಲ್ಲ ಹಂಚಿಕೆಯಾಗಿ, ಸಂಸ್ಥಾನದವರು ಆ ಹಿರಿಯರಿಗೆ ಉಡುಗೊರೆ ಕೊಟ್ಟಿದ್ದ ಮುದಿ ಆನೆಯೊಂದು ಹಿತ್ತಲಲ್ಲಿ ಉಳಿದಿತ್ತು. ಓದಿನಲ್ಲಿ ಅದು ಸೊಂಡಿಲು ಆಡಿಸುತ್ತ ನಡೆದು ಬಂತು, ನನ್ನ ಎದೆಯ ಮೇಲೆಯೇ ಕಾಲಿಟ್ಟಂತಾಯಿತು. ಹಮಾಲರು ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತರು. ತಮ್ಮನ ಜೊತೆ ಹೊಲದ ವ್ಯಾಜ್ಯ ಹೂಡಿದ್ದ ಸಾವಕಾರರು ಲೋಡು ಬಿಟ್ಟು ಮುಂದೆ ಬಾಗಿದ್ದರು.

"ಹಂಗಂದ್ರ ಆನಿ ಮ್ಯಾಲ ತಮ್ಮಂದು ಹಕ್ಕ ಇಲ್ಲೇನವಾ?"

"ಅದು ಮುಂದ ಬರತೈತ್ರಿ."

"ಓದು, ಓದು."

ಹೊತ್ತು ಇಳಿಯುವವರೆಗೆ ಓದಿದಳು. ಕೊನೆಗೆ ಸಾವಕಾರರು ಆ ಪುಸ್ತಕವನ್ನು ತಮ್ಮ ಕಂಕುಳಲ್ಲಿ ಇಟ್ಟುಕೊಂಡು ಎದ್ದರು. "ಖೋಲಿ ಇರಲಿ, ಚೀಲಾ ಅಂಗಳದಾಗ ಒಟ್ಟಿದ್ರಾತು" ಎಂದು ಹಮಾಲರಿಗೆ ಹೇಳಿ ನನ್ನತ್ತ ತಿರುಗಿದರು. "ಸೆಕ್ರೆಟರಿ ಸಾಹೇಬ್ರ, ಈ ಪುಸ್ತಕದ ಬಗ್ಗೆ ನಿಮ್ಮ ಅಭಿಪ್ರಾಯ ಏನು?"

"ಅಡ್ಡಿ ಇಲ್ರಿ" ಎಂದೆ.

ಟಿಕೋಟಾ ಚಕ್ಕಡಿ ಹತ್ತಿ ಮನೆ ಮುಟ್ಟುವವರೆಗೂ ನಕ್ಕಿತಂತೆ. ಸಾವಕಾರರು ನಗಲಿಲ್ಲ. "ಓದೋ ಮಂದಿ ಭಾಳ ಅದಾರ. ಇನ್ನ ಸೆಕ್ರೆಟರಿ ಒಬ್ಬರು ಓದಿದ್ರ ಆತು" ಎಂದರು. ಅಂದಿನಿಂದ ನಿಯಮ ತಿರುಗುಮುರುಗಾಯಿತು. ಈಗ ಪುಸ್ತಕ ತಂದಿಟ್ಟವರು ಅಭಿಪ್ರಾಯ ಹೇಳುವ ಬದಲು ನನ್ನನ್ನೇ ಕೇಳುತ್ತಾರೆ, ಎಲ್ಲರಿಗಿಂತ ಮುಂದೆ ಮಲ್ಲಪ್ಪಗೌಡರು. ಹೋದ ರವಿವಾರ ಜೇನು ಸಾಕುವ ಪುಸ್ತಕ ಮೇಜಿನ ಮೇಲಿಟ್ಟು, ಮೀಸೆ ತಿರುವುತ್ತ, "ಇದರಾಗ ಒಂಟಿ ಬರೂ ಭಾಗ ನಿಮಗ ಹೆಂಗನಿಸ್ತು?" ಎಂದರು. ನಾನು ಅವರ ಕಣ್ಣನ್ನೇ ನೋಡಿದೆ. ಏನೂ ಗೊತ್ತಾಗಲಿಲ್ಲ. ಬರುವ ರವಿವಾರ ಹೇಳುತ್ತೇನೆಂದು ಪುಸ್ತಕ ಮನೆಗೆ ತಂದೆ.

ಜೇನಿನ ಪುಸ್ತಕದಲ್ಲಿ ಒಂಟೆ ಯಾಕೆ ಬರುತ್ತದೆ ಎಂದು ನೀವು ಕೇಳಬಹುದು. ವಕೀಲರ ಮನೆಗೆ ಆನೆ ಯಾಕೆ ಬರುತ್ತದೆ ಎಂದು ನಾನೂ ಕೇಳಿದವನೇ. ಅದಕ್ಕೇ ಒಂದು ಅಕ್ಷರ ಬಿಡದೆ ಓದುತ್ತಿದ್ದೇನೆ. "ಏನು ಹುಡಕ್ಲಿಕ್ಕತ್ತೀರಿ?" ಎಂದು ಸುಶೀಲಾ ಕೇಳಿದರೆ "ಒಂಟೆ" ಎಂದೆ, ಅವಳು ಒಳಗೆ ಹೋದಳು. ಅರ್ಧ ಪುಸ್ತಕ ಮುಗಿದಿದೆ. ಒಂಟೆ ಇನ್ನೂ ಸಿಕ್ಕಿಲ್ಲ. ನಡುವೆ ಒಂದು ದೊಡ್ಡ ಅಧ್ಯಾಯ ಮಾತ್ರ ಸಿಕ್ಕಿತು: ರಾಣಿಜೇನಿನ ಮದುವೆ. ವರರೆಷ್ಟು ಮಂದಿ, ದಿಬ್ಬಣ ಆಕಾಶದಲ್ಲಿ ಎಷ್ಟು ಎತ್ತರ ಹೋಗುತ್ತದೆ, ಎಲ್ಲವನ್ನೂ ನಿಜಕ್ಕೂ ಛಂದ ಬರೆದಿದ್ದಾರೆ, ಹಾಗೇ ಓದಿಸಿಕೊಂಡು ಹೋಗುತ್ತದೆ. ನಾಳೆ ಬೆಳಿಗ್ಗೆ ಎದ್ದು ವಾಮನರಾಯರ ಮನೆಗೆ ಹೋಗಬೇಕು. ನನ್ನ ಅಭಿಪ್ರಾಯ ಹೇಳಿದರೆ ಅವರು ನಂಬುತ್ತಾರೋ ಇಲ್ಲವೋ ಎಂದು ನನಗೆ ಸಂಶಯ.