ಸೆಲ್ಲೊ ಕೃತಿಯ ಪುನರುಕ್ತಿ ದೋಷ

“ಸೆಲ್ಲೊ, ಪಿಯಾನೊ ಜೋಡಿಗೆ ಹದಿನೈದು ನಿಮಿಷದ ಕೃತಿ ಬರೀತೀನಿ. ಇಡೀ ವಿಜಯನಗರ ಬಡಾವಣೆ ಬೆಚ್ಚಿಬೀಳ್ಬೇಕು!”

ನಿವೃತ್ತ ಸಂಗೀತ ಮೇಷ್ಟ್ರು ಮಹದೇವ್ ಹೀಗೆ ಘೋಷಿಸಿದಾಗ ಹೆಂಡತಿ ಶೋಭಾರಾಣಿ ಹುರುಳಿಕಾಯಿ ಸೋಸುತ್ತಿದ್ದರು.

“ಬೀಳ್ಲಿ. ಮೊದಲು ಹಾಲು ತಂದ್ಬಿಡಿ.”

ಸೆಲ್ಲೊ ಎಂದರೆ ಕುರ್ಚಿಯಲ್ಲಿ ಕುಳಿತು, ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಪಿಟೀಲಿನ ದೊಡ್ಡಣ್ಣ. ಅದನ್ನು ನುಡಿಸಲು ಹಳೆಯ ಶಿಷ್ಯೆ ದೀಪ್ತಿ ಒಪ್ಪಿದ್ದಳು. ಪಿಯಾನೊಗೆ ಸ್ವತಃ ಮೇಷ್ಟ್ರು. ನಾಲ್ಕು ತಿಂಗಳಾಚೆಯ ಭಾನುವಾರದ ಕಛೇರಿಯಲ್ಲಿ ಕೃತಿ ಗೆದ್ದರೆ ಮುಂದೆ ಹೋದಲ್ಲೆಲ್ಲ ನುಡಿಸುವೆನೆಂದು ಮಾತನ್ನೂ ಕೊಟ್ಟಿದ್ದಳು. ಎಪ್ಪತ್ತರ ಮೇಷ್ಟ್ರಿಗೆ ಇದೇ ಮೊದಲ ಕೃತಿ. ಇನ್ನೊಂದಕ್ಕೆ ಮೈಯಲ್ಲಿ ಕಸುವಿರಲಿಲ್ಲ.

ಮೂರು ತಿಂಗಳು ಬರೆದರು. ಬೆನ್ನು ಬಾಗಿತು, ಕಣ್ಣು ಮಂಜಾಯಿತು. ಪಿಯಾನೊ ಭಾಗದ ಶುದ್ಧಪ್ರತಿ ಮಾಡುವಷ್ಟರಲ್ಲಿ ಕೈಯೂ ಸೋತಿತು.

“ಸೆಲ್ಲೊ ಭಾಗ ನೀನೇ ನಕಲು ಮಾಡ್ಕೊಡೇ. ಚುಕ್ಕಿಗೆ ಚುಕ್ಕಿ, ಅಷ್ಟೇ.”

ಶೋಭಾರಾಣಿ ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದವರು. ಮುತ್ತು ಪೋಣಿಸಿದಂತೆ ಬರೆದರು. ದೀಪ್ತಿ ಅದನ್ನೊಯ್ದು ಮನೆಯಲ್ಲೇ ಅಭ್ಯಾಸ ಮಾಡಿದಳು. ಜೊತೆಯಾಗಿ ಒಮ್ಮೆ ನುಡಿಸೋಣವೆಂದು ಕರೆದರೆ, “ಬರೆದವನಿಗ್ಯಾಕಮ್ಮ ಅಭ್ಯಾಸ?” ಎಂದು ಮೇಷ್ಟ್ರು ಮಗ್ಗುಲು ಬದಲಿಸಿ ಮಲಗಿಬಿಟ್ಟರು.

ಕಛೇರಿಯ ಭಾನುವಾರ ಬೆಳಿಗ್ಗೆ ಸಭೆ ತುಂಬಿತ್ತು. ಒಂದು ನಿಮಿಷ ಎಲ್ಲವೂ ಸರಿಯಾಗಿಯೇ ಸಾಗಿತು. ಆಮೇಲೆ ನೋಡಿದರೆ, ಸೆಲ್ಲೊ ಮೆಟ್ರೊ ಹತ್ತಿ ಅತ್ತಿಗುಪ್ಪೆ ದಾಟಿದೆ. ಪಿಯಾನೊ ಇನ್ನೂ ಮೂರು ನಿಲ್ದಾಣ ಹಿಂದೆ, ನಾಯಂಡಹಳ್ಳಿಯಲ್ಲೇ! ನಾಲ್ಕನೆಯ ನಿಮಿಷಕ್ಕೆ ದೀಪ್ತಿ ನುಡಿಸಿ ಮುಗಿಸಿ ಕಮಾನು ಇಳಿಸಿದಳು. ಚಪ್ಪಾಳೆಯೋ ಚಪ್ಪಾಳೆ! ಮೇಷ್ಟ್ರ ಮುಂದೆ ಇನ್ನೂ ಹನ್ನೊಂದು ನಿಮಿಷದ ಸಂಗೀತ ಬಾಕಿ. ನಡುವೆ ನಿಲ್ಲಿಸಲು ಮಾನ ಬಿಡದೆ, ಒಬ್ಬರೇ ನುಡಿಸಿದರು.

“ಮುಗೀತಲ್ಲ, ಇವರ್ಯಾಕೆ ಇನ್ನೂ ಕೂತಿದಾರೆ?” ಮುಂದಿನ ಸಾಲಿನ ಅಜ್ಜಿಯೊಬ್ಬರು ಕೇಳಿದರು.

“ಪಿಯಾನೊ ರಿಪೇರಿ ಇರ್ಬೇಕು, ಸುಮ್ನಿರಿ,” ಎಂದರು ಪಕ್ಕದವರು.

ಕೊನೆಗೂ ಮುಗಿಸಿ, ತೆರೆಯ ಹಿಂದೆ ಮೇಷ್ಟ್ರು ಹೆಂಡತಿಯನ್ನು ತಡೆದರು.

“ಏನೇ ಮಾಡಿದೆ ನನ್ನ ಕೃತೀನ?”

“ಒಂದೇ ಸಾಲನ್ನ ನಾಲ್ಕ್ನಾಲ್ಕು ಸಲ ಬರ್ದಿದ್ರಿ. ಪುನರುಕ್ತಿ ದೋಷ! ಒಂದು ಇಟ್ಕೊಂಡು ಮಿಕ್ಕಿದ್ದು ಬಿಟ್ಬಿಟ್ಟೆ.”

“ಅಯ್ಯೋ, ಅದು ಪಲ್ಲವಿ ಇದ್ದ ಹಾಗೆ ಕಣೇ!”

“ಹಾಗಂತ ಅಡಿಟಿಪ್ಪಣಿ ಹಾಕ್ಬೇಕಿತ್ತು.”

ಅಷ್ಟರಲ್ಲಿ ದೀಪ್ತಿ ಓಡಿ ಬಂದಳು. “ಸಾರ್, ಇನ್ಮೇಲೆ ಎಲ್ಲಾ ಕಡೆ ಇದನ್ನೇ ನುಡಿಸ್ತೀನಿ!”

ಮೇಷ್ಟ್ರ ದಣಿದ ಎದೆ ಒಂದಂಗುಲ ಉಬ್ಬಿತು.

“ಆದ್ರೆ ಪಿಯಾನೊ ಭಾಗಾನೂ ಆಂಟಿ ಒಂದ್ಸಲ ತಿದ್ದಿಕೊಟ್ರೆ...”

ಶೋಭಾರಾಣಿ ಮೇಷ್ಟ್ರ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು, ಕೊನೆಯವರೆಗೂ ತಿರುವಿ ಹಾಕಿ, ನಿಟ್ಟುಸಿರು ಬಿಟ್ಟರು.

“ಇದು ತಿದ್ದೋ ಕೇಸಲ್ಲ ಕಣಮ್ಮ. ಇವರ ಕೈಲಿ ಹೊಸದಾಗೇ ಬರೆಸ್ಬೇಕು!”