ನಾಯಕಿಗೆ ಮೀಸೆ ಅಂಟಿದ್ದು

ಬನ್ರೋ, ಗೋಡೆಗೆ ಒರಗಿ ಕಾಲು ಚಾಚ್ಕೊಂಡು ಕೂತ್ಕೊಳ್ಳಿ. ನಮ್ಮನೇಲಿ ನಗೆಪಾಟಲಿಗೆ ಯಾವತ್ತೂ ಬರ ಇರಲಿಲ್ಲ. ಜಯನಗರದಲ್ಲಿ ಮನೆಗಿಂತ ಖಾಲಿ ಸೈಟೇ ಜಾಸ್ತಿ ಇದ್ದ ಕಾಲದ್ದು ಇದು.

೧. ಹಾಡಿದ್ರೇ ಕಾಫಿ

ನಮ್ಮ ಬೀದಿ ಮೇಷ್ಟ್ರು ಯಾವುದೋ ಹಳೇ ಇಂಗ್ಲಿಷ್ ಪ್ರೇಮದ ನಾಟಕ ತಂದು, ಮಾತೆಲ್ಲ ಕಿತ್ತು ಬರೀ ಹಾಡು ಮಾಡಿದ್ರು. ಪ್ರೀತಿಸಿದವನ ಮನಸ್ಸು ಪರೀಕ್ಷೆ ಮಾಡೋಕೆ ಹುಡುಗಿ ಗಂಡುವೇಷ ಹಾಕೋ ಕಥೆ. ಆ ಹುಡುಗಿ ಪಾರ್ಟು ನನ್ನ ಮೈದುನನಿಗೆ. ಹೆಣ್ಣುಮಕ್ಕಳನ್ನ ಆಗ ಯಾರು ಸ್ಟೇಜು ಹತ್ತಿಸ್ತಿದ್ರು?

ಅಭ್ಯಾಸ ಆಗ್ಲಿ, ಮನೇಲೂ ಹಾಡಲ್ಲೇ ಮಾತಾಡು ಅಂದಿದ್ರು ಮೇಷ್ಟ್ರು. ಬೆಳಗಾದ್ರೆ ಇವನು ಅಡುಗೆಮನೆ ಬಾಗಿಲಲ್ಲಿ ನಿಂತು "ಅತ್ತಿಗೇ... ಕಾಫೀ..." ಅಂತ ರಾಗ ಎಳೆಯೋನು.

"ನಿನ್ನ ಪಲ್ಲವಿ ಮುಗಿಯೋ ಹೊತ್ತಿಗೆ ಆರಿಹೋಗತ್ತೆ, ಕುಡಿಯಪ್ಪ!"

೨. ಮಾವನೋರು 'ಹೋಗಿದ್ದು'

ಆಗಲೇ ಅವನಿಗೊಂದು ಹುಡುಗಿ ನೋಡಿದ್ವಿ. ಇವನು ಆದ್ರೆ ಅವಳನ್ನೇ, ಇಲ್ಲಾಂದ್ರೆ ಮದುವೇನೇ ಬೇಡ ಅಂತ ಕೂತಿದ್ದ. ಹುಡುಗಿ ಅಪ್ಪ, "ನಾಟಕಕ್ಕೇ ಬರ್ತೀವಿ, ಹುಡುಗನ್ನ ಇನ್ನೊಂದ್ಸಲ ನೋಡಿ ಹೇಳ್ತೀವಿ" ಅಂದ್ರು. ಯಾವ ಪಾರ್ಟು ಅಂತ ನಾವು ಬಾಯಿಬಿಡಲಿಲ್ಲ.

ಇತ್ತ ಮೇಷ್ಟ್ರು ಮೈದುನನ ಮೀಸೆ ಬೋಳಿಸಿಬಿಟ್ರು. ನಮ್ಮಲ್ಲಿ ಅಪ್ಪ ಬದುಕಿರೋವಾಗ ಮಗ ಮೀಸೆ ತೆಗೆಯೋ ಹಾಗಿಲ್ಲ. ಬೋಳು ಮೂತಿ ಕಂಡ ಪಕ್ಕದ ಬೀದಿಯವನೊಬ್ಬ ಕಣ್ಣೊರೆಸ್ಕೊಂಡು ಬಂದು ಬಾಗಿಲು ತಟ್ಟಿದ. ತೆಗೆದೋರು ಮಾವನೋರೇ! ಅವನು ತಲೆ ಎತ್ತದೆ, "ಯಜಮಾನ್ರು ಹೋದ್ರಂತಲ್ಲ, ಏನಾಗಿತ್ತು?" ಅಂದ.

"ಎಲ್ಲೂ ಹೋಗಿಲ್ಲ ಕಣಯ್ಯ, ಒಳಗೆ ಬಾ" ಅಂದ್ರು ಮಾವ.

೩. ಕೊನೇ ಸೀನು

ನಾಟಕದ ದಿನ ಮುಂದಿನ ಸಾಲಲ್ಲಿ ಮಾವನೋರು, ಪಕ್ಕದಲ್ಲೇ ಹುಡುಗಿ ಅಪ್ಪ. ಹಿಂದೆ ಹೆಂಗಸರ ಕಡೆ ನಾನು, ಹುಡುಗಿ. ಗಂಡುವೇಷಕ್ಕೆ ಅಂತ ಮೇಷ್ಟ್ರು ಬಡಗಿ ಹತ್ರ ಅಂಟು ತಂದು ಮೈದುನನಿಗೆ ಮೀಸೆ ಅಂಟಿಸಿದ್ರು. ವೇಷ ಕಳಚೋ ಹೊತ್ತಿಗೆ ಪಂಚೆ ಬಂತು, ಅಂಗಿ ಬಂತು, ಮೀಸೆ ಬರಲಿಲ್ಲ! ಹಾರ್ಮೋನಿಯಂ ನಿಲ್ಲೋ ಹಾಗಿಲ್ಲ. ಸೀರೆ ಉಟ್ಟು, ಮೀಸೆ ಹೊತ್ತು, "ನಾನೇ ನಿನ್ನ ನಲ್ಲೆ..." ಅಂತ ಹಾಡ್ತಾ ಬಂದ. ಇವನು ಒಂದು ತುದಿ ಎಳೆದ, ನಾಯಕನ ಪಾರ್ಟಿನವನು ಇನ್ನೊಂದು ತುದಿ.

ಮಾವನೋರು ಎದ್ದು ನಿಂತು ಕೂಗಿದ್ರು: "ಲೋ, ಕೀಳಬೇಡ್ರೋ! ನಾನಿನ್ನೂ ಬದುಕಿದ್ದೀನಿ!"

ಚಪ್ಪರವೇ ಬೀಳೋ ಹಾಗೆ ನಗು. ಹುಡುಗಿ ಅಪ್ಪ ಮಾತ್ರ ಧುಮುಧುಮು ಅಂತ ನಮ್ಮ ಕಡೆ ಬಂದು, "ಸೀರೆ ಉಡೋನಿಗೆ ಮಗಳನ್ನ ಕೊಡಲ್ಲ. ನಡಿಯೇ!" ಅಂದ್ರು.

ಹುಡುಗಿ ಕೂತಲ್ಲಿಂದ ಏಳಲೇ ಇಲ್ಲ. "ಇರಪ್ಪ, ಆ ನೆರಿಗೆ ನೋಡು. ನನಗೆ ಜನ್ಮದಲ್ಲಿ ಬರಲ್ಲ. ಇವ್ರೇ ಆಗ್ಲಿ."

ಆಮೇಲೆ ಮೇಷ್ಟ್ರು ನಾಟಕ ಬಿಟ್ಟು ಭಜನೆ ಹಿಡಿದ್ರು. ನಾಯಕ ಹೆಣ್ಣು ನೋಡೋಕೆ ಹೋದಾಗೆಲ್ಲ ಮೊದಲು ಮೂಗಿನ ಕೆಳಗೇ ನೋಡ್ತಿದ್ದನಂತೆ, ಮದುವೆ ತಡವಾಯ್ತು. ಮಾವನೋರು ಮೊಮ್ಮಗಳ ಮದುವೆ ಊಟ ಮಾಡಿಯೇ ಕಣ್ಣುಮುಚ್ಚಿದ್ದು. ಆ ಹುಡುಗಿ ನನ್ನ ವಾರಗಿತ್ತಿ ಆದ್ಲು. ಇವತ್ತಿಗೂ ಎಲ್ಲಿಗಾದ್ರೂ ಹೊರಟ್ರೆ ಕೋಣೆಯಿಂದ "ರೀ!" ಅಂತ ಒಂದು ಕೂಗು. ಮೈದುನ ಪೇಪರು ಮಡಿಸಿಟ್ಟು, ಮಂಡಿಯೂರಿ ನೆರಿಗೆ ಹಿಡೀತಾನೆ.