ಬೆಳಗಿನ ಆರಕ್ಕೆ ಏಳದ ಗಾಳಿಕೋಟೆಗೆ

ಕ್ರಾಗ್‌ಥಾರ್ಪ್ ಪ್ರಾಥಮಿಕ ಶಾಲೆಯ ಸಭಾಂಗಣದಲ್ಲಿ ಈ ಬೇಸಿಗೆಯಿಂದ ಬಿಜಯಂಗೈದಿರುವ, ನೀಲಿ ಮತ್ತು ಹಳದಿ ಬಣ್ಣದ, ಗಾಳಿ ತುಂಬಿಕೊಂಡು ಮಕ್ಕಳನ್ನು ಕುಣಿಸುವ, ನಾಲ್ಕು ಗೋಪುರಗಳ ಗಾಳಿಕೋಟೆಯವರ ಸನ್ನಿಧಾನಕ್ಕೆ.

ಮಾನ್ಯರೇ,

ತಾವು ಎಲ್ಲಿಯೂ ಗಾಳಿ ಸೋರದೆ, ಗೋಪುರಗಳು ನೆಟ್ಟಗಿದ್ದು, ಕ್ಷೇಮವಾಗಿದ್ದೀರೆಂದು ನಂಬಿ ಈ ಪತ್ರವನ್ನು ಬರೆಯುತ್ತಿದ್ದೇನೆ. ತಮಗೆ ಕಣ್ಣಿಲ್ಲವೆಂಬುದು ನನಗೆ ಗೊತ್ತು. ಆದ್ದರಿಂದ ಇದರ ಒಂದು ಪ್ರತಿಯನ್ನು ಗ್ರಂಥಾಲಯದ ಸೂಚನಾ ಫಲಕಕ್ಕೂ ಚುಚ್ಚಿದ್ದೇನೆ. ಓದಬಲ್ಲವರು ಯಾರಾದರೂ ದಯಮಾಡಿ ತಮಗೆ ಗಟ್ಟಿಯಾಗಿ ಓದಿ ಹೇಳಲಿ.

ಮೊದಲಿಗೆ ನನ್ನ ಪರಿಚಯ. ನಾನು ವೀವರ್ಸ್ ಓಣಿಯ ಒಂಬತ್ತನೆಯ ಮನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪರರ ಮಕ್ಕಳನ್ನು ನೋಡಿಕೊಳ್ಳುತ್ತಿರುವ ಚೈಲ್ಡ್‌ಮೈಂಡರ್. ನನ್ನ ನೋಂದಣಿ ಪತ್ರ ಮನೆಯ ನಡುಗೋಡೆಯ ಮೇಲೆ, ಕೋಟು ನೇತುಹಾಕುವ ಗೂಟಗಳಿಗಿಂತ ಸ್ವಲ್ಪ ಮೇಲೆ ಇದೆ. ಎಂಟು ವರ್ಷದೊಳಗಿನ ಆರು ಮಕ್ಕಳಿಗಿಂತ ಹೆಚ್ಚು ಮಂದಿಯನ್ನು ನಾನೊಬ್ಬಳೇ ಇಟ್ಟುಕೊಳ್ಳುವಂತಿಲ್ಲ. ಕೊಳದ ಬಳಿಗೆ ಮಕ್ಕಳನ್ನು ಕರೆದೊಯ್ಯುವ ಮುನ್ನ ಅಲ್ಲಿನ ಬಾತುಕೋಳಿಗಳಿಂದ ಯಾವ ಯಾವ ಅಪಾಯ ಒದಗಬಹುದೆಂದು ಎರಡು ಪುಟ ಬರೆದು ಕಡತದಲ್ಲಿ ಇಟ್ಟಿದ್ದೇನೆ. ಒಂದು ಮಗು ಮಧ್ಯಾಹ್ನ ಮೂರು ಬಟಾಣಿ ಕಾಳು ತಿಂದು ನಾಲ್ಕನೆಯದನ್ನು ಮೂಗಿಗೆ ಹಾಕಿಕೊಂಡರೆ, ಆ ನಾಲ್ಕನ್ನೂ ದಿನಚರಿ ಪುಸ್ತಕದಲ್ಲಿ ಬರೆದು ಸಂಜೆ ತಾಯಿಗೆ ತೋರಿಸಿ ಸಹಿ ಪಡೆಯುತ್ತೇನೆ.

ತಮ್ಮ ಕಡತದಲ್ಲಿ ಏನಿದೆಯೋ ನನಗೆ ತಿಳಿಯದು. ತಿಳಿಯುವ ಅಗತ್ಯವೂ ಇಲ್ಲ, ಏಕೆಂದರೆ ತಮ್ಮ ಗುಣಗಳು ಕಡತಕ್ಕೆ ಹಿಡಿಯುವಂಥವಲ್ಲ. ತಾವು ಯಾವ ಮಗುವಿಗೂ ಈವರೆಗೆ "ಬೇಡ" ಎಂದವರಲ್ಲ. ಕೈ ತೊಳೆದು ಬಾ ಎಂದವರಲ್ಲ, ಊಟಕ್ಕೆ ಮುಂಚೆ ಬಿಸ್ಕತ್ತು ಯಾಕೆ ಎಂದು ಕೇಳಿದವರೂ ಅಲ್ಲ. ತಮ್ಮ ಮೈಮೇಲೆ ಹಾರಿ ಬಿದ್ದವರನ್ನೆಲ್ಲ ಅಷ್ಟೇ ಪ್ರೀತಿಯಿಂದ ಮೇಲಕ್ಕೆ ಎಸೆಯುತ್ತೀರಿ. ನಾನು ಅರವತ್ತಕ್ಕೆ ಎರಡು ವರ್ಷ ಕಡಿಮೆಯಿರುವ, ಎಡ ಸೊಂಟ ಹಿಡಿದುಕೊಂಡ ಹೆಂಗಸು. ನನ್ನ ಮೇಲೆ ಹಾರಿ ಬಿದ್ದವರಿಗೆ ಅಂಥ ಪ್ರತಿಫಲ ಕೊಡಲು ನನ್ನಿಂದಾಗದು. ಇದರ ಮೇಲೆ ಶಾಲೆಯಲ್ಲಿ ನಡೆಯುವ ಮಕ್ಕಳ ರಜಾ ಶಿಬಿರದಲ್ಲಿ ತಮ್ಮ ದರ ಮಧ್ಯಾಹ್ನದ ಸ್ಯಾಂಡ್‌ವಿಚ್ ಸೇರಿ ದಿನಕ್ಕೆ ಹದಿನೈದು ಪೌಂಡ್. ಉಳಿದದ್ದನ್ನು ಯಾವುದೋ ನಿಧಿ ತುಂಬುತ್ತದಂತೆ. ನನ್ನ ದರ ಐವತ್ತೈದು. ನನಗೆ ಯಾವ ನಿಧಿಯೂ ಇಲ್ಲ, ಇರುವುದು ಸೊಂಟನೋವಿನ ಮುಲಾಮು.

ಹೀಗಾಗಿ ಕಳೆದ ಆಗಸ್ಟ್‌ನಲ್ಲಿ ನನ್ನ ಬಳಿ ಆರು ಮಕ್ಕಳಿದ್ದರು. ಈ ಆಗಸ್ಟ್‌ನಲ್ಲಿ ಒಬ್ಬಳಿದ್ದಾಳೆ. ಅವಳ ಹೆಸರು ಎಫಿ, ವಯಸ್ಸು ಆರೂವರೆ. ಅವಳ ತಾಯಿ ಕೆರಿ ಬೆಳಗಿನ ಮೊದಲ ಬಸ್ಸನ್ನು ಓಡಿಸುತ್ತಾಳೆ. ಆದ್ದರಿಂದ ಎಫಿ ಬೆಳಿಗ್ಗೆ ಐದು ಐವತ್ತಕ್ಕೆ ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು, ಒಂದು ಕೆನ್ನೆಯ ಮೇಲೆ ದಿಂಬಿನ ಗೆರೆಯ ಸಮೇತ, ನನ್ನ ಬಾಗಿಲಿಗೆ ಬರುತ್ತಾಳೆ. ಹೋದ ಸೋಮವಾರ ಕೆರಿ ಬಸ್ಸಿನವರ ಜಾಕೀಟು ತೊಟ್ಟು ಹೊಸ್ತಿಲ ಆಚೆಯೇ ನಿಂತಳು.

"ಬೇಜಾರ್ ಮಾಡ್ಕೋಬೇಡಿ ಲಿನೆಟ್. ಬೆಳಿಗ್ಗೆನೂ ನೀವೇ, ಸಾಯಂಕಾಲನೂ ನೀವೇ. ಮಧ್ಯದಲ್ಲಿ ಮಾತ್ರ ಅಲ್ಲಿ ಕುಣ್ಕೊಂಡಿರ್ಲಿ."

"ರಜಾ ಪೂರ್ತಿನಾ?" ಎಂದೆ.

"ಈ ವಾರ ನೋಡ್ತೀನಿ. ಶುಕ್ರವಾರ ಹೇಳ್ತೀನಿ. ಅಯ್ಯೋ, ಹಾಗೆ ನೋಡ್ಬೇಡಿ, ನನಗೆ ಬಸ್ ತಪ್ಪುತ್ತೆ. ನಾನೇ ಇಲ್ದೆ ಅದು ಹೋಗಲ್ಲ, ಆದ್ರೂ ತಪ್ಪುತ್ತೆ."

ನಾನು ಅವಳನ್ನು ದೂರುವುದಿಲ್ಲ. ಹದಿನೈದು ಮತ್ತು ಐವತ್ತೈದರ ನಡುವಿನ ವ್ಯತ್ಯಾಸ ಬಸ್ ಓಡಿಸುವವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಮಾನ್ಯರೇ, ಈ ಏರ್ಪಾಟಿನಲ್ಲಿ ಸ್ಯಾಂಡ್‌ವಿಚ್ಚಿನ ಚೀಸು ತಮ್ಮ ಪಾಲಿಗೂ ಬ್ರೆಡ್ಡಿನ ಅಂಚು ನನ್ನ ಪಾಲಿಗೂ ಬಂದಿರುವುದನ್ನು ತಾವು ಗಮನಿಸಿರಬಹುದು. ಅಂಚುಗಳಲ್ಲಿ ನನ್ನ ತಿಂಗಳು ನಡೆಯುವುದಿಲ್ಲ. ಶುಕ್ರವಾರ ಕೆರಿಯ ಉತ್ತರ ತಮ್ಮ ಕಡೆಗೆ ಬಂದರೆ ನೋಂದಣಿ ಪತ್ರವನ್ನು ಗೋಡೆಯಿಂದ ಇಳಿಸುವುದೆಂದು ತೀರ್ಮಾನಿಸಿ, ಸೂಪರ್‌ಮಾರ್ಕೆಟ್ಟಿನ ಕ್ಯಾಷ್ ಕೌಂಟರ್ ಕೆಲಸದ ಅರ್ಜಿಯೊಂದನ್ನು ತುಂಬಿ ಬ್ರೆಡ್ ಡಬ್ಬಿಯ ಕೆಳಗೆ ಇಟ್ಟೆ.

ಆ ಸೋಮವಾರವೇ ತಮಗೆ ಒಂದು ವಿನಂತಿ ಬರೆಯಬೇಕೆಂದಿದ್ದೆ. ಈಗ ಬರೆಯುತ್ತೇನೆ. ತಾವು ಮಗುವನ್ನು ನೋಡಿಕೊಳ್ಳುವ ಕೆಲಸಕ್ಕೆ ಇಳಿದಿರುವುದರಿಂದ, ದಯವಿಟ್ಟು ಅದರ ಅಂಚುಗಳನ್ನೂ ವಹಿಸಿಕೊಳ್ಳಬೇಕು. ಬೆಳಿಗ್ಗೆ ಐದು ಐವತ್ತಕ್ಕೆ ಗಾಳಿ ತುಂಬಿಕೊಂಡು ಬಾಗಿಲಲ್ಲಿ ನಿಲ್ಲಬೇಕು. ಎಫಿಗೆ ಟೋಸ್ಟನ್ನು ತ್ರಿಕೋನವಾಗಿ ಕತ್ತರಿಸಬೇಕು, ಅಪ್ಪಿತಪ್ಪಿ ಚೌಕವಾಗಿ ಕತ್ತರಿಸಿದರೆ ಅದನ್ನು ತಾವೇ ತಿಂದು ಹೊಸದನ್ನು ಮಾಡಬೇಕು. ಅವಳು ಅಲುಗಾಡುವ ಹಲ್ಲನ್ನು ತೋರಿಸಿದಾಗ ನಿನ್ನೆಗಿಂತ ಹೆಚ್ಚು ಅಲುಗಾಡುತ್ತಿದೆ ಎನ್ನಬೇಕು, ಅಲುಗಾಡದಿದ್ದರೂ. ವಾಂತಿ ಬಂದಾಗ ಹಣೆ ಹಿಡಿಯಬೇಕು. ಪ್ರಥಮ ಚಿಕಿತ್ಸೆಯ ಪರೀಕ್ಷೆಗೆ ಮೂರು ವರ್ಷಕ್ಕೊಮ್ಮೆ ಕೂರಬೇಕು; ಅಲ್ಲಿ ರಬ್ಬರಿನ ಗೊಂಬೆಯೊಂದರ ಬಾಯಿಗೆ ಉಸಿರು ಊದಿಸುತ್ತಾರೆ, ಊದುವ ವಿಷಯದಲ್ಲಿ ತಮಗೆ ನನಗಿಂತ ಹೆಚ್ಚು ಅನುಭವವಿದೆ.

ಇಷ್ಟರಲ್ಲಿ ಬುಧವಾರ ಬಂತು.

ಆ ದಿನದ ಬಗ್ಗೆ ಊರಿನಲ್ಲಿ ಏನೇನೋ ಹೇಳುತ್ತಿದ್ದಾರೆ. ತಮ್ಮ ಗೌರವಕ್ಕೆ ಚ್ಯುತಿ ಬರಬಾರದೆಂದು ನಡೆದದ್ದನ್ನು ನಡೆದಂತೆ ಇಲ್ಲಿ ದಾಖಲಿಸುತ್ತೇನೆ. ಎಫಿಯನ್ನು ಮೂರೂವರೆಗೆ ಕರೆದುಕೊಂಡು ಬರಬೇಕಿತ್ತು, ನಾನು ರೂಢಿಯಂತೆ ಮೂರು ಹತ್ತಕ್ಕೇ ಸಭಾಂಗಣದ ಬಾಗಿಲಲ್ಲಿದ್ದೆ. ತಮ್ಮೊಳಗೆ ಹದಿನಾಲ್ಕು ಮಕ್ಕಳಿದ್ದರು. ಬೇಕೆಂದು ಎಣಿಸಿದ್ದಲ್ಲ, ನಾನು ಬಸ್ಸಿನಲ್ಲೂ ಎಣಿಸುತ್ತೇನೆ, ನನ್ನ ಗಂಡನ ಅಂತ್ಯಸಂಸ್ಕಾರದಲ್ಲೂ ಎಣಿಸಿದ್ದೆ, ನಲವತ್ತೊಂದು. ಆ ಹೊತ್ತಿಗೆ ಶಾಲೆಯ ಕಟ್ಟಡವನ್ನು ನೋಡಿಕೊಳ್ಳುವ ವೃದ್ಧ ಸಗ್ಡನ್ ಅವರು ಕೆಟಲ್ ಹಿಡಿದುಕೊಂಡು ಬಂದರು. ಅಡುಗೆಕೋಣೆಯ ಪ್ಲಗ್ ಈಸ್ಟರ್‌ನಿಂದ ಕೆಟ್ಟಿದೆ. ಸಭಾಂಗಣದ ಗೋಡೆಯಲ್ಲಿ ಒಂದು ಪ್ಲಗ್ ಇತ್ತು, ಅದರಲ್ಲಿ ಏನೋ ಸಿಕ್ಕಿಸಿತ್ತು. ಆ ಏನೋ ತಮಗೆ ಎಡೆಬಿಡದೆ ಗಾಳಿ ಊದುವ ಯಂತ್ರದ ತಂತಿ, ಅಂದರೆ ತಮ್ಮ ಉಸಿರು ಎಂಬುದು ಅವರಿಗೆ ಹೊಳೆಯಲಿಲ್ಲ. ಅವರು ಅದನ್ನು ತೆಗೆದು ಕೆಟಲನ್ನು ಸಿಕ್ಕಿಸಿದರು.

ತಾವು ಕುಸಿದ ರೀತಿಯಲ್ಲೂ ಒಂದು ಘನತೆಯಿತ್ತೆಂದು ಒಪ್ಪಲೇಬೇಕು. ಅಧಿಕಾರ ಮುಗಿದ ಮೇಯರ್ ಒಬ್ಬರು ನಿಧಾನವಾಗಿ ಸೋಫಾದಲ್ಲಿ ಕೂರುವಂತೆ, ಮುಂದಿನ ಗೋಪುರಗಳು ಮೊದಲು, ಹಿಂದಿನವು ಆಮೇಲೆ, ತಲೆ ಬಾಗಿಸಿದವು. ಶಿಬಿರದ ಟ್ಯಾಮ್ಸಿನ್ ಎಂಬ ಹುಡುಗಿ ಸೀಟಿ ಊದಿದಳು. ಮಕ್ಕಳು ಕಿರುಚುತ್ತ, ನಗುತ್ತ ಹೊರಗೆ ಉರುಳಿದರು. ಅವಳು ಪಟ್ಟಿ ಹಿಡಿದು ಹೆಸರು ಕೂಗಿದಳು. ಎಫಿಯ ಹೆಸರು ಬಂದಾಗ ಬೇರೆ ಯಾರೋ ಹುಡುಗಿ "ಇಲ್ಲೇ ಇದ್ಳು" ಎಂದಳು. ಪಟ್ಟಿಯಲ್ಲಿ ಗುರುತು ಬಿತ್ತು.

"ಹದಿಮೂರೇ ಇದ್ದಾರೆ," ಎಂದೆ.

"ಇಲ್ಲ ಆಂಟಿ, ಲಿಸ್ಟಲ್ಲಿ ಹದಿನಾಲ್ಕಕ್ಕೂ ಟಿಕ್ ಆಗಿದೆ."

"ಲಿಸ್ಟ್ ಸರಿಯಾಗೇ ಇದೆ ಕಣಮ್ಮ. ಮಕ್ಕಳು ಕಮ್ಮಿ ಇದ್ದಾರೆ."

ಅವಳು ಪಟ್ಟಿಯಿಂದ ಕಣ್ಣೆತ್ತಿ ತಲೆಗಳನ್ನು ಎಣಿಸತೊಡಗಿದಳು. "ನಾನ್ ಬರೀ ಒಂದ್ ಕಪ್ ಟೀ ಕಾಯ್ಸೋಣ ಅಂತ," ಎಂದು ಸಗ್ಡನ್ ಕೆಟಲ್‌ಗೆ ಹೇಳಿದರು.

ಇಲ್ಲಿ ನಾನು ನನ್ನ ತಪ್ಪನ್ನೂ ಹೇಳಿಬಿಡಬೇಕು. ನನ್ನ ಮನೆಯಲ್ಲಿ ಪ್ರತಿ ತಿಂಗಳ ಮೊದಲ ಸೋಮವಾರ, ಬೆಂಕಿ ಬಿದ್ದರೆ ಪಾರಾಗುವ ಅಭ್ಯಾಸ ನಡೆಯುತ್ತದೆ. ನಾನು ಸೀಟಿ ಊದುತ್ತೇನೆ. ಮಕ್ಕಳು ಹಿತ್ತಿಲಿಗೆ ಓಡಿ ಬಟ್ಟೆ ಒಣಗಿಸುವ ಕಂಬದ ಬಳಿ ಕೂರಬೇಕು. ಕಂಬದವರೆಗೆ ಬರಲಾಗದಿದ್ದರೆ ಇದ್ದಲ್ಲೇ ಕೂತುಬಿಡಬೇಕು. ನಾನು ಬಂದು ತಲೆಯ ಮೇಲೆ ಕೈಯಿಟ್ಟು ಸಂಖ್ಯೆ ಹೇಳುವತನಕ ಯಾರೂ ಏಳುವಂತಿಲ್ಲ. ಮುಟ್ಟಿಯೇ ಯಾಕೆ ಎಣಿಸುತ್ತೀರಿ ಎಂದು ಇನ್‌ಸ್ಪೆಕ್ಟರ್ ಒಮ್ಮೆ ಕೇಳಿದ್ದರು. ನೋಡಿ ಎಣಿಸಿದರೆ ಒಂದೇ ಮಗು ಎರಡು ಸಲ ಎಣಿಕೆಗೆ ಬರಬಹುದು, ಮುಟ್ಟಿದರೆ ಅದು ತಾನೇ ತಕರಾರು ತೆಗೆಯುತ್ತದೆ ಎಂದಿದ್ದೆ. ಅವರು ಅದನ್ನು ಬರೆದುಕೊಂಡರು. ಆದರೆ ಬೇರೆಯವರ ಸೀಟಿ ಕೇಳಿದಾಗ ಏನು ಮಾಡಬೇಕೆಂದು ನಾನು ಮಕ್ಕಳಿಗೆ ಹೇಳಿಕೊಟ್ಟಿರಲಿಲ್ಲ. ಬೇರೆಯವರಿಗೂ ಸೀಟಿ ಇರಬಹುದೆಂಬುದು ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ತಲೆಗೆ ಬಂದಿರಲಿಲ್ಲ.

ನಾನು ಬೂಟು ಕಳಚಿ ತಮ್ಮೊಳಗೆ ನುಗ್ಗಿದೆ. ತಮ್ಮ ಒಳಗೋಡೆ ನನ್ನ ಬೆನ್ನಿನ ಮೇಲೆ ಒದ್ದೆ ಕಂಬಳಿಯಂತೆ ಬಿದ್ದಿತ್ತು. ಮೊಣಕಾಲಿನ ಮೇಲೆ ತೆವಳುವಾಗ ತಮ್ಮ ವಾಸನೆ ಹೊಸ ಮಳೆಕೋಟಿನದೂ ಹಳೆಯ ಕಾಲುಚೀಲದ್ದೂ ಎಂದು ತಿಳಿಯಿತು. ಎಫಿ ಹಿಂದಿನ ಎಡ ಗೋಪುರದ ಬುಡದಲ್ಲಿ, ಇನ್ನೂ ಸ್ವಲ್ಪ ಗಾಳಿ ಉಳಿದಿದ್ದ ಕಡೆ, ಚಕ್ಕಳಮಕ್ಕಳ ಹಾಕಿ, ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದಳು. ಅಳುತ್ತಿರಲಿಲ್ಲ. ಸಿಟ್ಟಾಗಿದ್ದಳು.

"ಎಷ್ಟ್ ಹೊತ್ತು ಲಿನ್ ಆಂಟಿ. ಸೀಟಿ ಆಗ್ಲೇ ಆಯ್ತು."

ನಾನು ತಲೆಯ ಮೇಲೆ ಕೈಯಿಟ್ಟೆ. "ಹದಿನಾಲ್ಕು," ಎಂದೆ.

"ಹದಿನಾಲ್ಕಲ್ಲ," ಎಂದಳು. "ಒಂದು. ನಿನ್ನತ್ರ ಈಗ ನಾನೊಬ್ಬಳೇ ಅಲ್ವಾ?"

ಮಾನ್ಯರೇ, ಆ ಹೊತ್ತಿನಲ್ಲಿ ತಮ್ಮ ಗೋಡೆ ನನ್ನ ಮುಖವನ್ನು ಎಲ್ಲರಿಂದ ಮುಚ್ಚಿ ಹಿಡಿದಿತ್ತು. ಅದೊಂದು ಉಪಕಾರಕ್ಕೆ ನಾನು ತಮಗೆ ಋಣಿ.

ಮರುದಿನ ಸಂಜೆ ಟ್ಯಾಮ್ಸಿನ್ ನನ್ನ ಮನೆಗೆ ಬಂದಳು. ಕ್ಷಮೆ ಕೇಳಲು ಬಂದಳೆಂದುಕೊಂಡೆ. ಅದನ್ನೂ ಕೇಳಿದಳು, ಆಮೇಲೆ, "ಆ ಕೈಯಿಟ್ಟು ಎಣಿಸೋದು ಹೇಗೆ, ತೋರಿಸ್ತೀರಾ?" ಎಂದಳು. ನಾನು ತೋರಿಸಿದೆ. ಕಂಬದ ಬಳಿ ಎಫಿಯನ್ನು ಕೂರಿಸಿ ಹದಿನಾಲ್ಕು ಸಲ ಎಣಿಸಿದಳು. ಎಫಿ ಹದಿಮೂರು ಸಲ ತಕರಾರು ತೆಗೆದಳು. ನನ್ನ ಹೊಟ್ಟೆಯ ಮೇಲೆ ಹೊಡೆದಿರುವ ಶಿಬಿರಕ್ಕೆ ನನ್ನಲ್ಲಿದ್ದ ಒಂದೇ ವಿದ್ಯೆಯನ್ನು ನಾನೇ ಧಾರೆ ಎರೆದೆ, ಚಹಾ ಮತ್ತು ಶುಂಠಿ ಬಿಸ್ಕತ್ತಿನ ಸಮೇತ. ಇದನ್ನು ತಾವು ಔದಾರ್ಯವೆಂದು ತಿಳಿಯಬೇಡಿ. ಮುಂದೆಯೂ ತಮ್ಮೊಳಗೆ ಮಕ್ಕಳಿರುತ್ತಾರೆ, ಅವರಲ್ಲಿ ಐವರು ಕಳೆದ ವರ್ಷ ನನ್ನವರು.

ಇಂದು ಶುಕ್ರವಾರ. ಐದು ಐವತ್ತಕ್ಕೆ ಕೆರಿ ಈ ಸಲ ಹೊಸ್ತಿಲು ದಾಟಿ ಒಳಗೆ ಬಂದಳು.

"ಸುಳ್ ಹೇಳಲ್ಲ ಲಿನೆಟ್. ಅವಳಿಗೆ ಆ ಕೋಟೆ ಇನ್ನೂ ಇಷ್ಟಾನೇ. ಬಿದ್ದಿದ್ದು ಇನ್ನೂ ಚೆನ್ನಾಗಿತ್ತಂತೆ."

"ಸರಿ," ಎಂದೆ. ಬ್ರೆಡ್ ಡಬ್ಬಿಯ ಕಡೆ ನೋಡಲಿಲ್ಲ.

"ಮಂಗಳವಾರ, ಗುರುವಾರ ಅಲ್ಲಿಗೆ ಹೋಗ್ಲಿ. ಮಿಕ್ಕ ಮೂರು ದಿನ ಪೂರ್ತಿ ನಿಮ್ಮತ್ರ. ನಾನು ಭಾನುವಾರನೂ ಒಂದ್ ಬಸ್ ಓಡಿಸ್ತೀನಿ, ಏನೋ ಸರಿಹೋಗುತ್ತೆ. ಸಾಕಾಗುತ್ತಾ ನಿಮಗೆ?"

ಸಾಕಾಗುವುದಿಲ್ಲ. "ಸಾಕು," ಎಂದೆ. ಕ್ರಿಸ್‌ಮಸ್‌ವರೆಗೆ ಹೇಗೋ ತಳ್ಳಬಹುದು. ಅವಳು ಹೋದ ಮೇಲೆ ಅರ್ಜಿಯನ್ನು ಹರಿಯಬೇಕೋ ಇಟ್ಟುಕೊಳ್ಳಬೇಕೋ ಎಂದು ಹೊರಗೆ ತೆಗೆದೆ. ಅದರ ಹಿಂಬದಿಯಲ್ಲಿ ಎಫಿ ಹಸಿರು ಸ್ಕೆಚ್ ಪೆನ್ನಿನಿಂದ ಒಂದು ಬಾತುಕೋಳಿ ಬರೆದಿದ್ದಳು. ಬಣ್ಣ ಮುಂಬದಿಗೂ ಇಳಿದು ನನ್ನ ಅನುಭವದ ವರ್ಷಗಳನ್ನು ನುಂಗಿಹಾಕಿತ್ತು. ಕಳಿಸುವಂತಿರಲಿಲ್ಲ. ಅದನ್ನು ನೋಂದಣಿ ಪತ್ರದ ಪಕ್ಕಕ್ಕೆ, ಬಾತುಕೋಳಿ ಮುಂದೆ ಬರುವಂತೆ, ಅಂಟಿಸಿದ್ದೇನೆ.

ಆದ್ದರಿಂದ ಮೇಲೆ ಬೇಡಿಕೊಂಡ ಅಂಚುಗಳನ್ನು ಸದ್ಯಕ್ಕೆ ನಾನೇ ನಿಭಾಯಿಸುತ್ತೇನೆ. ತಾವು ಬೆಳಿಗ್ಗೆ ಆರಕ್ಕೆ ಏಳುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ.

ತಮ್ಮ ಗಾಳಿಯೂ ಗೌರವವೂ ಹೀಗೆಯೇ ತುಂಬಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಲಿನೆಟ್ ಓಲ್ಡ್‌ರಾಯ್ಡ್
ವೀವರ್ಸ್ ಓಣಿ, ಕ್ರಾಗ್‌ಥಾರ್ಪ್

ಮರೆತ ಮಾತು: ತಾವು ಬೀಳಲೆಂದು ನಾನು ಕಾದು ಕೂತಿದ್ದೇನೆಂದು ಯಾರೂ ಅನ್ನಬಾರದೆಂದು ಸಗ್ಡನ್ ಅವರಿಗೆ ಒಂದು ದೊಡ್ಡ ಫ್ಲಾಸ್ಕ್ ಕೊಟ್ಟಿದ್ದೇನೆ. ಅಷ್ಟಾಗಿಯೂ ತಮಗೆ ಕುಸಿಯಲೇಬೇಕೆನ್ನಿಸಿದರೆ, ದಯವಿಟ್ಟು ಮಂಗಳವಾರ ಅಥವಾ ಗುರುವಾರವೇ ಕುಸಿಯಿರಿ, ಬಂದು ಎಣಿಸಿಕೊಡುತ್ತೇನೆ. ಉಳಿದ ದಿನ ನನಗೆ ಬಿಡುವಿಲ್ಲ, ಮನೆಯಲ್ಲಿ ಎಣಿಸಲು ಒಂದು ಇದೆ.